ಐಆರ್ ಗನ್ ತೋರಿಸುವ ಅಂಕಿಯನ್ನು ಯಾವಾಗ ನಂಬಬಹುದು, ಯಾವಾಗ ನಂಬಬಾರದು

ಪಳಪಳ ಹೊಳೆಯುವ ಸ್ಟೀಲ್ ಪಾತ್ರೆಯಲ್ಲಿ ನೀರು ಕುದಿಸಿ, ಒಲೆ ಆರಿಸಿ, ಪಾತ್ರೆಯ ಹೊರಮೈಗೆ ಐಆರ್ ಗನ್ (ಮುಟ್ಟದೆ ದೂರದಿಂದಲೇ ತಾಪಮಾನ ತೋರಿಸುವ ಅವಕೆಂಪು ಥರ್ಮಾಮೀಟರ್) ಹಿಡಿಯಿರಿ. 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಅಂಕಿ ಬರುತ್ತದೆ. ಅದೇ ಪಾತ್ರೆಗೆ ಒಂದು ತುಂಡು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ, ಅದು ಕಾಯಲು ಒಂದು ನಿಮಿಷ ಬಿಟ್ಟು, ಈಗ ಟೇಪಿಗೇ ಗುರಿಯಿಟ್ಟು ನೋಡಿ: 90ರ ಆಸುಪಾಸು. ಗನ್ ಕೆಟ್ಟಿಲ್ಲ, ಬ್ಯಾಟರಿಯೂ ಇಳಿದಿಲ್ಲ. ಎರಡು ಸಲವೂ ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ವ್ಯತ್ಯಾಸ ಇರುವುದು ಪಾತ್ರೆಯ ಮೈಯಲ್ಲಿ.

ಕೋವಿಡ್ ಕಾಲದಿಂದೀಚೆಗೆ ಈ ಗನ್ ಎಲ್ಲರ ಕೈಗೂ ಬಂದಿದೆ. ಎಲೆಕ್ಟ್ರಿಷಿಯನ್, ಎಸಿ ಮೆಕ್ಯಾನಿಕ್, ಬೇಕರಿಯವರು, ಗ್ಯಾರೇಜಿನವರು ಎಲ್ಲರೂ ಬಳಸುತ್ತಾರೆ. ಬಳಕೆ ಹರಡಿದಷ್ಟು ಬೇಗ ತಿಳಿವಳಿಕೆ ಹರಡಿಲ್ಲ. ಈ ಗನ್ ಬಿಸಿಯನ್ನು ಅಳೆಯುವುದಿಲ್ಲ. ತನ್ನ ಲೆನ್ಸಿಗೆ ಬಂದು ಬಿದ್ದ ವಿಕಿರಣವನ್ನು ಅಳೆದು, ‘ಎದುರಿಗಿರುವ ಮೈ ಇಂಥದ್ದು’ ಎಂಬ ಒಂದು ಊಹೆಯ ಮೇಲೆ ತಾಪಮಾನವನ್ನು ಲೆಕ್ಕ ಹಾಕುತ್ತದೆ. ಊಹೆ ತಪ್ಪಾದರೂ ಪರದೆಯ ಮೇಲೆ ದಶಮಾಂಶದ ಸಮೇತ ಅಂಕಿ ಮೂಡುತ್ತದೆ, ತಪ್ಪು ಎಂದು ಹೇಳುವ ದೀಪ ಯಾವುದೂ ಉರಿಯುವುದಿಲ್ಲ. ಹಾಗಾಗಿ ಊಹೆ ಸರಿಯೋ ತಪ್ಪೋ ಎಂದು ನೋಡುವ ಕೆಲಸ ಪೂರ್ತಿಯಾಗಿ ಬಳಸುವವರದ್ದು.

ಮೊದಲು ಒಂದಿಷ್ಟು ಭೌತವಿಜ್ಞಾನ, ಬೇಕಾದಷ್ಟು ಮಾತ್ರ. ಐಸು, ಗೋಡೆ, ನಮ್ಮ ಕೈ, ಕಾದ ಕಬ್ಬಿಣ, ಹೀಗೆ ಪ್ರತಿಯೊಂದು ವಸ್ತುವೂ ಸದಾ ವಿಕಿರಣ ಸೂಸುತ್ತಿರುತ್ತದೆ. 1800ರಲ್ಲಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದಿಂದ ಬಣ್ಣಗಳಾಗಿ ಒಡೆದು, ಕೆಂಪಿನ ಅಂಚಿನಾಚೆ ಬೆಳಕೇ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟಾಗ ಅದು ಕೆಂಪಿನಲ್ಲಿ ಏರಿದ್ದಕ್ಕಿಂತ ಹೆಚ್ಚು ಏರಿತು. ಅವಕೆಂಪು ಕಿರಣಗಳು ಗೊತ್ತಾದದ್ದು ಹಾಗೆ. ವಸ್ತು ಬಿಸಿಯಾದಂತೆ ಎರಡು ಬದಲಾವಣೆಗಳಾಗುತ್ತವೆ. ಒಂದು, ಒಟ್ಟು ವಿಕಿರಣ ಕೆಲ್ವಿನ್ ತಾಪಮಾನದ (ಸೆಲ್ಸಿಯಸ್ ಅಂಕಿಗೆ 273 ಕೂಡಿಸಿದ್ದು) ನಾಲ್ಕನೇ ಘಾತದಂತೆ ಏರುತ್ತದೆ. 1879ರಲ್ಲಿ ಸ್ಟೆಫಾನ್ ಇದನ್ನು ಪ್ರಯೋಗದ ಅಂಕಿಗಳಿಂದ ಕಂಡುಕೊಂಡರು, 1884ರಲ್ಲಿ ಬೋಲ್ಟ್ಸ್‌ಮನ್ ಸಿದ್ಧಾಂತದಿಂದ ತೋರಿಸಿಕೊಟ್ಟರು. ಎರಡು, ವಿಕಿರಣ ಅತಿ ಹೆಚ್ಚಿರುವ ತರಂಗಾಂತರ ಕಿರಿದಾಗುತ್ತ ಹೋಗುತ್ತದೆ. 2898ನ್ನು ಕೆಲ್ವಿನ್ ತಾಪಮಾನದಿಂದ ಭಾಗಿಸಿದರೆ ಆ ತರಂಗಾಂತರ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಾದ ಮೈಕ್ರಾನ್‌ಗಳಲ್ಲಿ ಸಿಗುತ್ತದೆ. ಕೋಣೆಯ ಗೋಡೆಗೆ, ಅಂದರೆ 300 ಕೆಲ್ವಿನ್‌ಗೆ, ಅದು ಸುಮಾರು 9.7 ಮೈಕ್ರಾನ್. 1500 ಕೆಲ್ವಿನ್‌ನ ಕಾದ ಉಕ್ಕಿಗೆ 1.9 ಮೈಕ್ರಾನ್.

ನಾವು ಬಳಸುವ ಸಾಮಾನ್ಯ ಗನ್ 8ರಿಂದ 14 ಮೈಕ್ರಾನ್ ಪಟ್ಟಿಯನ್ನು ನೋಡುತ್ತದೆ. ನಿತ್ಯದ ವಸ್ತುಗಳ ವಿಕಿರಣ ಅತಿ ಹೆಚ್ಚಿರುವ ತರಂಗಾಂತರ ಅಲ್ಲೇ ಇದೆ, ಮೇಲಾಗಿ ಆ ಪಟ್ಟಿಯಲ್ಲಿ ಗಾಳಿಯ ತೇವಾಂಶವೂ ಇಂಗಾಲದ ಡೈಆಕ್ಸೈಡೂ ಹೆಚ್ಚು ಅಡ್ಡಿ ಮಾಡುವುದಿಲ್ಲ. ಗನ್ನಿನೊಳಗೆ ಒಂದು ಲೆನ್ಸ್, ಅದರ ಹಿಂದೆ ಥರ್ಮೊಪೈಲ್ ಎಂಬ ಸಣ್ಣ ಸೆನ್ಸರ್. ತೆಳು ಪೊರೆಯ ಮೇಲೆ ಸಾಲಾಗಿ ಜೋಡಿಸಿದ, ಬಿಸಿಯ ವ್ಯತ್ಯಾಸಕ್ಕೆ ತಕ್ಕಂತೆ ವೋಲ್ಟೇಜು ಕೊಡುವ ಪುಟಾಣಿ ಥರ್ಮೊಕಪಲ್‌ಗಳೇ ಥರ್ಮೊಪೈಲ್. ಅದು ಕೊಡುವ ವೋಲ್ಟೇಜು ಎದುರಿನ ವಸ್ತುವಿನ ವಿಕಿರಣಕ್ಕೂ ಸೆನ್ಸರಿನ ಸ್ವಂತ ವಿಕಿರಣಕ್ಕೂ ಇರುವ ವ್ಯತ್ಯಾಸವನ್ನು ಹೇಳುತ್ತದೆ. ಆದ್ದರಿಂದ ಸೆನ್ಸರ್ ಎಷ್ಟು ಬಿಸಿಯಿದೆ ಎನ್ನುವುದೂ ಗೊತ್ತಿರಬೇಕು. ಅದಕ್ಕೆಂದೇ ಪಕ್ಕದಲ್ಲಿ ಒಂದು ಥರ್ಮಿಸ್ಟರ್ ಇರುತ್ತದೆ. ಎಸಿ ಕೋಣೆಯಿಂದ ಗನ್ ತಂದು ನೇರವಾಗಿ ಬಾಯ್ಲರ್ ಮನೆಯಲ್ಲಿ ಬಳಸಿದರೆ ಹಲವು ಡಿಗ್ರಿ ತಪ್ಪು ಬರುವುದು ಇದರಿಂದಲೇ: ಲೆನ್ಸಿನ ಕೊಳವೆ, ಥರ್ಮೊಪೈಲ್, ಥರ್ಮಿಸ್ಟರ್ ಮೂರೂ ಬೇರೆ ಬೇರೆ ವೇಗದಲ್ಲಿ ಕಾಯುತ್ತಿರುತ್ತವೆ. ಹೊಸ ಜಾಗಕ್ಕೆ ಹೋದ ಮೇಲೆ 20–30 ನಿಮಿಷ ಗನ್ನನ್ನು ಅಲ್ಲೇ ಇಟ್ಟು, ಆಮೇಲೆ ಅಳೆಯಿರಿ. ಅವಸರಕ್ಕೆ ಇಲ್ಲಿ ಒಳದಾರಿಯಿಲ್ಲ.

ಈಗ ಆ ಸ್ಟೀಲ್ ಪಾತ್ರೆಗೆ ಬರೋಣ. ಒಂದು ತಾಪಮಾನದಲ್ಲಿ ಅತಿ ಹೆಚ್ಚೆಂದರೆ ಎಷ್ಟು ವಿಕಿರಣ ಸೂಸಲು ಸಾಧ್ಯವೋ ಅದರಲ್ಲಿ ಎಷ್ಟು ಪಾಲನ್ನು ಒಂದು ಮೈ ನಿಜಕ್ಕೂ ಸೂಸುತ್ತದೆ ಎಂಬುದೇ ಎಮಿಸಿವಿಟಿ. ಸೊನ್ನೆಯಿಂದ 1ರ ಒಳಗಿನ ಸಂಖ್ಯೆ. ಚರ್ಮಕ್ಕೆ 0.98, ನೀರಿಗೆ 0.96, ಇಟ್ಟಿಗೆ, ಸಿಮೆಂಟು, ಮರ, ಕಾಗದ, ಪಿವಿಸಿ, ರಬ್ಬರು ಎಲ್ಲವೂ 0.9ರ ಆಚೀಚೆ. ಲೋಹಗಳದ್ದು ಬೇರೆಯೇ ಕತೆ. ಹೊಳೆಯುವ ತಾಮ್ರ, ಅಲ್ಯೂಮಿನಿಯಂಗೆ 0.05ರ ಸುತ್ತಮುತ್ತ, ಪಾಲಿಶ್ ಮಾಡಿದ ಸ್ಟೇನ್‌ಲೆಸ್ ಸ್ಟೀಲಿಗೆ 0.1ರಿಂದ 0.2. ಕಣ್ಣಿಗೆ ಕಾಣುವ ಬಣ್ಣಕ್ಕೂ ಇದಕ್ಕೂ ನಂಟಿಲ್ಲ. ಬಿಳಿ ಪೇಂಟೂ ಕಪ್ಪು ಪೇಂಟೂ ಈ ಪಟ್ಟಿಯಲ್ಲಿ 0.9ಕ್ಕಿಂತ ಮೇಲೆಯೇ ಇರುತ್ತವೆ. ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಪೇಂಟ್ ಮಾತ್ರ ಇದಕ್ಕೆ ಅಪವಾದ, ಅದರೊಳಗೆ ಇರುವುದೇ ಲೋಹದ ಚೂರುಗಳು.

ಕಡಿಮೆ ಸೂಸುವ ಅಪಾರದರ್ಶಕ ಮೈ ಅಷ್ಟೇ ಹೆಚ್ಚು ಪ್ರತಿಫಲಿಸುತ್ತದೆ. ಹಾಗಾಗಿ ಗನ್ನಿಗೆ ಬರುವುದು ಎರಡು ಪಾಲಿನ ಮೊತ್ತ: ಎಮಿಸಿವಿಟಿಯಷ್ಟು ಪಾಲು ವಸ್ತುವಿನದ್ದೇ ವಿಕಿರಣ, ಉಳಿದ ಪಾಲು ಸುತ್ತಲಿನ ಗೋಡೆ, ಛಾವಣಿ, ಅಳೆಯುತ್ತಿರುವವರ ಮುಖದ ವಿಕಿರಣ. ಲೆಕ್ಕ ಹಾಕಿ ನೋಡಿ. ಪಾತ್ರೆ 100 ಡಿಗ್ರಿ, ಎಮಿಸಿವಿಟಿ 0.1, ಕೋಣೆ 30 ಡಿಗ್ರಿ. ಕೆಲ್ವಿನ್‌ಗೆ ತಿರುಗಿಸಿ ನಾಲ್ಕನೇ ಘಾತ ಹಿಡಿದರೆ ಪಾತ್ರೆಯ ಪಾಲು 0.1 × 1939 = 194, ಕೋಣೆಯ ಪಾಲು 0.9 × 845 = 760, ಒಟ್ಟು 954 (ಎಲ್ಲವೂ ಕೋಟಿಗಳಲ್ಲಿ). ಈ 954ರಲ್ಲಿ ಪಾತ್ರೆಯಿಂದ ಬಂದದ್ದು ಐದನೇ ಒಂದು ಪಾಲು ಮಾತ್ರ. 0.95 ಎಂದು ಊಹಿಸಿಕೊಂಡ ಗನ್ ಇದನ್ನು ತಿರುವಿ ಹಾಕಿದಾಗ ಸಿಗುವುದು 40 ಡಿಗ್ರಿ. ಅಂದರೆ ಪರದೆಯ ಮೇಲೆ ಕಾಣುತ್ತಿರುವುದು ಬಹುಮಟ್ಟಿಗೆ ಅಡುಗೆಮನೆಯ ತಾಪಮಾನ.

‘ಗನ್ನಿನಲ್ಲಿ ಎಮಿಸಿವಿಟಿ ಬದಲಾಯಿಸುವ ಬಟನ್ ಇದೆಯಲ್ಲ, 0.1 ಇಟ್ಟರಾಯಿತು’ ಎಂದು ಹಲವರು ಹೇಳುತ್ತಾರೆ. ಲೆಕ್ಕದ ಪ್ರಕಾರ ಸರಿ, ಬಳಕೆಯಲ್ಲಿ ಸಲ್ಲದು. ಅದೇ ಪಾತ್ರೆಯ ಸುತ್ತಲಿನ ವಸ್ತುಗಳು 30ರ ಬದಲು 35 ಡಿಗ್ರಿ ಇದ್ದು, ಅದು ಗನ್ನಿಗೆ ಗೊತ್ತಿಲ್ಲದಿದ್ದರೆ ಉತ್ತರ 100ರಿಂದ ಸುಮಾರು 123ಕ್ಕೆ ಜಿಗಿಯುತ್ತದೆ. ಜೊತೆಗೆ ಹೊಳೆಯುವ ಲೋಹದ ಎಮಿಸಿವಿಟಿ ಒಂದೇ ಮೈಯಲ್ಲಿ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ: ಬೆರಳಿನ ಎಣ್ಣೆ, ಗೀರು, ತೆಳುವಾದ ತುಕ್ಕು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. 0.1 ಹೋಗಿ 0.15 ಆದರೆ ಅದು ಅರ್ಧದಷ್ಟು ಹೆಚ್ಚಳ. ನನ್ನ ಖಚಿತ ಅಭಿಪ್ರಾಯ: ಎಮಿಸಿವಿಟಿ 0.6ಕ್ಕಿಂತ ಕೆಳಗಿರುವ ಮೈಯನ್ನು ಈ ಗನ್ನಿನಿಂದ ನೇರವಾಗಿ ಅಳೆಯಲೇಬಾರದು. ಬಟನ್ ಒತ್ತುವುದಕ್ಕಿಂತ ಮೈಯನ್ನೇ ಬದಲಾಯಿಸುವುದು ಸುಲಭ.

ಮೈ ಬದಲಾಯಿಸಲು ಅತಿ ಅಗ್ಗದ ದಾರಿ ಇನ್ಸುಲೇಶನ್ ಟೇಪ್. ಎಮಿಸಿವಿಟಿ ಸುಮಾರು 0.95. ಗುಳ್ಳೆ ಉಳಿಯದಂತೆ ಒತ್ತಿ ಅಂಟಿಸಿ. ಗುಳ್ಳೆ ಇದ್ದರೆ ಅಲ್ಲಿ ಟೇಪು ಲೋಹದಷ್ಟು ಕಾಯುವುದಿಲ್ಲ, ಅಂಕಿ ತಗ್ಗುತ್ತದೆ. ಟೇಪಿನ ಅಗಲ ಗನ್ ನೋಡುವ ವೃತ್ತಕ್ಕಿಂತ ದೊಡ್ಡದಿರಬೇಕು, ಸಾಲದಿದ್ದರೆ ಎರಡು ಮೂರು ಪಟ್ಟಿ ಪಕ್ಕಪಕ್ಕ ಅಂಟಿಸಿ. ಸಾಮಾನ್ಯ ಪಿವಿಸಿ ಟೇಪು 80 ಡಿಗ್ರಿ ದಾಟಿದರೆ ಮೆತ್ತಗಾಗಿ ಅಂಟು ಜಾರುತ್ತದೆ. ಮೇಲೆ ಹೇಳಿದ ಪಾತ್ರೆಯ ಪ್ರಯೋಗಕ್ಕೆ ನಿಮಿಷದ ಮಟ್ಟಿಗೆ ನಡೆಯುತ್ತದೆ, ಕಾಯಂ ಬಳಕೆಗೆ ಆಗುವುದಿಲ್ಲ. ಅದಕ್ಕಿಂತ ಬಿಸಿಯಾದ ಪೈಪು, ಫ್ಲೇಂಜು, ಎಂಜಿನ್ ಭಾಗಗಳಿಗೆ ಬೈಕ್ ಸೈಲೆನ್ಸರಿಗೆ ಹೊಡೆಯುವ ಹೀಟ್‌ಪ್ರೂಫ್ ಮ್ಯಾಟ್ ಸ್ಪ್ರೇ ಪೇಂಟ್ ಬಳಸಿ. ತಣ್ಣಗಿರುವಾಗ ಅಂಗೈಯಗಲ ಹೊಡೆದು ಒಣಗಿಸಿದರೆ ಅದೇ ಶಾಶ್ವತ ಅಳತೆಯ ಜಾಗ. ಸರ್ಕ್ಯೂಟ್ ಬೋರ್ಡಿನ ಸಣ್ಣ ಲೋಹದ ಭಾಗಗಳಿಗೆ ವೈಟ್ನರ್ ಸಾಕು. ಎಸಿ ಮೆಕ್ಯಾನಿಕ್‌ಗಳಿಗೆ ವಿಶೇಷವಾಗಿ ಹೇಳುವುದು: ಹೊಳೆಯುವ ತಾಮ್ರದ ಸಕ್ಷನ್ ಪೈಪಿಗೆ (ತಣ್ಣನೆಯ ಗ್ಯಾಸನ್ನು ಕಂಪ್ರೆಸರಿಗೆ ಮರಳಿ ಒಯ್ಯುವ ಪೈಪು) ನೇರವಾಗಿ ಗನ್ ಹಿಡಿದು ‘ಕೂಲಿಂಗ್ ಬರುತ್ತಿಲ್ಲ’ ಎಂದು ಗ್ಯಾಸ್ ತುಂಬಬೇಡಿ. ಬರಿ ತಾಮ್ರದ ಮೇಲೆ ಗನ್ನಿಗೆ ಕಾಣುವುದು ಕೋಣೆ. ಟೇಪ್ ಸುತ್ತಿ ನೋಡಿ, ಇಲ್ಲವೇ ಪೈಪಿಗೆ ಕಟ್ಟುವ ಕ್ಲಾಂಪ್ ಥರ್ಮೊಕಪಲ್ ಬಳಸಿ.

ಇನ್ನೊಂದು ಉಪಾಯ ರಂಧ್ರ. ವ್ಯಾಸದ ಆರರಷ್ಟು ಆಳವಿರುವ ತೂತಿನೊಳಗೆ ಹೋದ ಕಿರಣ ಗೋಡೆಯಿಂದ ಗೋಡೆಗೆ ಬಡಿದು ಅಲ್ಲೇ ಇಂಗಿಹೋಗುತ್ತದೆ. ಪೂರ್ತಿ ಹೀರುವುದು ಪೂರ್ತಿ ಸೂಸುತ್ತದೆ ಎಂಬುದು ಕಿರ್ಕಾಫ್ ನಿಯಮ, ಆದ್ದರಿಂದ ಯಾವ ಲೋಹವಾದರೂ ಆ ತೂತಿನ ಎಮಿಸಿವಿಟಿ 1ರ ಹತ್ತಿರ ಬರುತ್ತದೆ. ಕಿವಿಯ ಥರ್ಮಾಮೀಟರ್ ಹಣೆಯ ಥರ್ಮಾಮೀಟರಿಗಿಂತ ನಂಬಿಕಸ್ಥ ಆಗಿರುವುದಕ್ಕೂ ಕಿವಿಯ ಕೊಳವೆ ಇಂಥದ್ದೇ ಒಂದು ಕುಹರ ಆಗಿರುವುದು ಒಂದು ಕಾರಣ. ಕೈಯಲ್ಲಿ ಹಿಡಿಯುವ ಸಾಮಾನ್ಯ ಗನ್ನಿಗೆ ಮಾತ್ರ ಈ ಉಪಾಯ ಒಗ್ಗುವುದಿಲ್ಲ. ಅದು ನೋಡುವ ವೃತ್ತ ತೂತಿಗಿಂತ ದೊಡ್ಡದು.

ಈ ವೃತ್ತದ ವಿಷಯದಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ. ಕೆಂಪು ಲೇಸರ್ ಚುಕ್ಕೆ ಎಲ್ಲಿದೆಯೋ ಅಲ್ಲಿಯ ಬಿಸಿಯನ್ನು ಗನ್ ಅಳೆಯುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಲೇಸರಿಗೂ ಅಳತೆಗೂ ಯಾವ ಸಂಬಂಧವೂ ಇಲ್ಲ, ಅದು ಗುರಿ ತೋರಿಸಲು ಮಾತ್ರ. ಗನ್ನಿನ ಮೇಲೆ 12:1 ಎಂದು ಬರೆದಿದ್ದರೆ, 120 ಸೆಂಟಿಮೀಟರ್ ದೂರದಿಂದ ಅದು 10 ಸೆಂಟಿಮೀಟರ್ ಅಗಲದ ವೃತ್ತದ ಸರಾಸರಿಯನ್ನು ನೋಡುತ್ತದೆ, 30 ಸೆಂಟಿಮೀಟರಿನಿಂದ 2.5 ಸೆಂಟಿಮೀಟರಿನದ್ದು. ಆ ವೃತ್ತಕ್ಕೆ ಚೂಪಾದ ಅಂಚೂ ಇಲ್ಲ. ಸಾಮಾನ್ಯವಾಗಿ ಒಟ್ಟು ಶಕ್ತಿಯ 90 ಶೇಕಡಾ ಬರುವಷ್ಟು ಜಾಗವನ್ನು ವೃತ್ತ ಎಂದು ತಯಾರಕರು ಹೇಳುತ್ತಾರೆ, ಉಳಿದದ್ದು ಹೊರಗಿನಿಂದ ಬರುತ್ತದೆ. ಹಾಗಾಗಿ ಗುರಿ ವೃತ್ತದ ಎರಡರಷ್ಟು ಅಗಲವಿರಲಿ. ಲೇಸರ್ ಬಲ್ಬು ಲೆನ್ಸಿನ ಮೇಲೋ ಪಕ್ಕದಲ್ಲೋ ಕೂತಿರುವುದರಿಂದ ತೀರ ಹತ್ತಿರದಲ್ಲಿ ಚುಕ್ಕೆ ಒಂದು ಕಡೆ, ಅಳತೆ ಇನ್ನೊಂದು ಕಡೆ ಬೀಳುತ್ತದೆ.

ವೃತ್ತದ ಅರ್ಧಭಾಗದಲ್ಲಿ 90 ಡಿಗ್ರಿಯ ಲಗ್ (ಕೇಬಲ್ಲಿನ ತುದಿಗೆ ಹಾಕುವ ಲೋಹದ ಜೋಡಣೆ), ಇನ್ನರ್ಧದಲ್ಲಿ 35 ಡಿಗ್ರಿಯ ಬೋರ್ಡು ಇದ್ದರೆ ಗನ್ 66 ತೋರಿಸುತ್ತದೆ. 66 ನೋಡಿ ‘ಪರವಾಗಿಲ್ಲ’ ಎಂದು ಬಾಗಿಲು ಮುಚ್ಚಿ ಹೋದರೆ, ಒಳಗೆ ಆ ಲಗ್‌ನ ಇನ್ಸುಲೇಶನ್ ಸುಡುತ್ತಲೇ ಇರುತ್ತದೆ.

ಎಲೆಕ್ಟ್ರಿಕಲ್ ಪ್ಯಾನೆಲ್ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಈ ಗನ್ನಿನಿಂದ ನಿಜವಾಗಿ ಬೆಂಕಿ ಅನಾಹುತ ತಪ್ಪಿಸಬಹುದಾದ ಜಾಗ ಅದು. ಮೊದಲ ಮಾತು ಸುರಕ್ಷತೆಯದ್ದು. ಚಾಲೂ ಇರುವ ಪ್ಯಾನೆಲಿನ ಮುಚ್ಚಳ ತೆಗೆಯುವುದು ತರಬೇತಿ ಪಡೆದವರ ಕೆಲಸ, ತಕ್ಕ ರಕ್ಷಣಾ ಉಡುಪಿನೊಂದಿಗೆ. ವೃತ್ತ ಸಣ್ಣದಾಗಲಿ ಎಂದು ಗನ್ನನ್ನು ಕರೆಂಟು ಹರಿಯುವ ಲೋಹದ ಪಟ್ಟಿಯಾದ ಬಸ್‌ಬಾರಿನ ಹತ್ತಿರಕ್ಕೆ ಚಾಚಬೇಡಿ. 30:1 ಅಥವಾ 50:1ರ ಗನ್ ತನ್ನಿ, ಇಲ್ಲವೇ ಬಿಸಿಯ ಹಂಚಿಕೆಯನ್ನು ಚಿತ್ರವಾಗಿ ತೋರಿಸುವ ಥರ್ಮಲ್ ಕ್ಯಾಮೆರಾ. ಪ್ಯಾನೆಲಿನ ಮುಂದಿರುವ ಅಕ್ರಿಲಿಕ್ ಹಾಳೆಯ ಮೂಲಕ ಅಳೆಯಲು ಬರುವುದಿಲ್ಲ. ಕಣ್ಣಿಗೆ ಅದು ಪಾರದರ್ಶಕ, 8–14 ಮೈಕ್ರಾನಿಗೆ ಗೋಡೆ. ಗನ್ ಆ ಹಾಳೆಯ ಬಿಸಿಯನ್ನೇ ಹೇಳುತ್ತದೆ. ಕಿಟಕಿ ಗಾಜೂ ಹಾಗೆಯೇ.

ಲೋಡು ಇಲ್ಲದಾಗ ನೋಡಿ ಪ್ರಯೋಜನವಿಲ್ಲ. ಕನಿಷ್ಠ 40 ಶೇಕಡಾ ಲೋಡು ಇರಬೇಕು, ಆ ಲೋಡು ಸಾಕಷ್ಟು ಹೊತ್ತು ಒಂದೇ ಸಮ ಹರಿದು ಭಾಗಗಳ ಬಿಸಿ ನೆಲೆ ನಿಂತಿರಬೇಕು. ಕಾಯುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅರ್ಧ ಲೋಡಿನಲ್ಲಿ ಒಂದು ಜಾಯಿಂಟು ಪಕ್ಕದ ಫೇಸಿಗಿಂತ 10 ಡಿಗ್ರಿ ಹೆಚ್ಚಿದ್ದರೆ ಪೂರ್ತಿ ಲೋಡಿನಲ್ಲಿ ಆ ಅಂತರ 40ರ ಹತ್ತಿರಕ್ಕೆ ಹೋಗಬಹುದು. ಒಂಟಿ ಅಂಕಿಗಿಂತ ಹೋಲಿಕೆ ಮುಖ್ಯ: ಆರ್, ವೈ, ಬಿ ಮೂರೂ ಫೇಸುಗಳಲ್ಲಿ ಒಂದೇ ಬಗೆಯ ಜಾಗವನ್ನು, ಒಂದೇ ದೂರದಿಂದ, ಒಂದೇ ಕೋನದಲ್ಲಿ ನೋಡಿ. ವಿದ್ಯುತ್ ಉಪಕರಣ ಪರೀಕ್ಷಕರ ಅಮೆರಿಕದ ನೆಟಾ ಸಂಸ್ಥೆಯ ಕೋಷ್ಟಕ ಅನೇಕ ಕಡೆ ಬಳಕೆಯಲ್ಲಿದೆ. ಸಮಾನ ಲೋಡಿನ ಸಮಾನ ಭಾಗಗಳ ನಡುವೆ 1ರಿಂದ 3 ಡಿಗ್ರಿ ಅಂತರ ಇದ್ದರೆ ದೋಷ ಇರಬಹುದು, ವಿಚಾರಿಸಿ. 4ರಿಂದ 15 ಇದ್ದರೆ ದೋಷ ಇರುವ ಸಂಭವ ಹೆಚ್ಚು, ದುರಸ್ತಿಗೆ ದಿನ ಗೊತ್ತುಮಾಡಿ. 15 ದಾಟಿದರೆ ತಕ್ಷಣ ದುರಸ್ತಿ.

ಹೋಲಿಸುವ ಮೊದಲು ಕ್ಲಾಂಪ್ ಮೀಟರ್ ಹಾಕಿ ಮೂರೂ ಫೇಸಿನ ಕರೆಂಟು ನೋಡಿಕೊಳ್ಳಿ. ಒಂದರಲ್ಲಿ 60 ಆಂಪಿಯರ್, ಇನ್ನೊಂದರಲ್ಲಿ 25 ಇದ್ದರೆ ಬಿಸಿಯ ಅಂತರಕ್ಕೆ ಜಾಯಿಂಟನ್ನು ದೂರಿ ಫಲವಿಲ್ಲ, ಲೋಡು ಹಂಚಿಕೆ ಸರಿಯಿಲ್ಲ. ಇನ್ನು ಅಳೆಯುವ ಜಾಗ. ಹೊಳೆಯುವ ಲಗ್ ಮೇಲಾಗಲಿ, ಬರಿ ಬಸ್‌ಬಾರ್ ಮೇಲಾಗಲಿ ಗುರಿಯಿಡಬೇಡಿ. ಲಗ್ಗಿನಿಂದ ಎರಡು ಮೂರು ಸೆಂಟಿಮೀಟರ್ ಈಚೆ ಇರುವ ಕೇಬಲ್ಲಿನ ಪಿವಿಸಿ ಹೊದಿಕೆಯನ್ನು ನೋಡಿ. ತಾಮ್ರ ಬಿಸಿಯನ್ನು ಚೆನ್ನಾಗಿ ಸಾಗಿಸುವುದರಿಂದ ಲಗ್ಗಿನ ಸುದ್ದಿ ಅಲ್ಲಿಗೆ ತಲುಪಿರುತ್ತದೆ. ನಂತರ ಕೇಬಲ್ಲಿನುದ್ದಕ್ಕೂ ಗನ್ ಸರಿಸಿ. ಲಗ್ ಹತ್ತಿರ ಹೆಚ್ಚು ಬಿಸಿ, ದೂರ ಹೋದಂತೆ ಇಳಿಯುತ್ತಿದ್ದರೆ ಜಾಯಿಂಟಿನ ದೋಷ: ಸಡಿಲ ಸ್ಕ್ರೂ, ಸರಿಯಾಗಿ ಕ್ರಿಂಪ್ ಆಗದ ಲಗ್, ಅಲ್ಯೂಮಿನಿಯಂ ಕೇಬಲ್ಲಿಗೆ ಬೈಮೆಟಾಲಿಕ್ ಲಗ್ ಇಲ್ಲದೆ ತಾಮ್ರದ ಟರ್ಮಿನಲ್‌ಗೆ ನೇರ ಜೋಡಣೆ, ಆಕ್ಸೈಡ್ ಪದರ. ಕೇಬಲ್ಲಿನುದ್ದಕ್ಕೂ ಒಂದೇ ಸಮ ಬಿಸಿ ಇದ್ದರೆ ಜಾಯಿಂಟು ಚೆನ್ನಾಗಿದೆ, ಕೇಬಲ್ಲಿಗೆ ಹೊರೆ ಜಾಸ್ತಿಯಾಗಿದೆ ಅಥವಾ ಅದರ ಗಾತ್ರ ಸಾಲದು. ಎರಡಕ್ಕೂ ಮದ್ದು ಬೇರೆ. ಸ್ಕ್ರೂ ಬಿಗಿಮಾಡಿ ಎರಡನೆಯದನ್ನು ಸರಿಮಾಡಲಾಗದು.

ಬಸ್‌ಬಾರನ್ನೇ ನೋಡಬೇಕಿದ್ದರೆ, ಶಟ್‌ಡೌನ್ ಸಮಯದಲ್ಲಿ, ವಿದ್ಯುತ್ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಜಾಯಿಂಟುಗಳ ಪಕ್ಕ ಟೇಪನ್ನೋ ಇದಕ್ಕೆಂದೇ ಸಿಗುವ ಸ್ಟಿಕ್ಕರನ್ನೋ ಅಂಟಿಸಿಡಿ. ಕ್ಯಾಮೆರಾದಲ್ಲಿ ಹೊಳೆಯುವ ಲೋಹದ ಮೇಲೆ ಬಿಸಿ ಚುಕ್ಕೆ ಕಂಡರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ. ಚುಕ್ಕೆಯೂ ನಿಮ್ಮೊಂದಿಗೆ ಸರಿದರೆ ಅದು ನಿಮ್ಮದೇ ಪ್ರತಿಬಿಂಬ.

ಬಯಲಿನಲ್ಲಿ ಇದೇ ಪ್ರತಿಫಲನ ಉಲ್ಟಾ ಕೆಲಸ ಮಾಡುತ್ತದೆ, ಏಕೆಂದರೆ ಮೇಲೆ ಇರುವುದು ಆಕಾಶ. ಮೋಡವಿಲ್ಲದ ಆಕಾಶಕ್ಕೆ ಗನ್ ಹಿಡಿದರೆ (ಸೂರ್ಯನತ್ತ ಬೇಡ) ಒಣಹವೆಯ ದಿನ ಅಂಕಿ ಸೊನ್ನೆಗಿಂತ ಎಷ್ಟೋ ಕೆಳಗೆ ಇಳಿಯುತ್ತದೆ. ಮೋಡ ಬಂದರೆ ಥಟ್ಟನೆ ಏರುತ್ತದೆ. ಈಗ ಹೊಸ ಜಿಐ ಶೀಟಿನ (ಸತು ಲೇಪಿಸಿದ ಉಕ್ಕಿನ ಹಾಳೆಯ) ಮಾಡನ್ನು, ಅಂದರೆ ಮನೆಯ ಛಾವಣಿಯನ್ನು, ಯೋಚಿಸಿ. ಬಿಸಿಲಿಗೆ ಶೀಟು 60 ಡಿಗ್ರಿ ಕಾದಿದೆ, ಎಮಿಸಿವಿಟಿ 0.25, ಅದರಲ್ಲಿ ಪ್ರತಿಫಲಿಸುತ್ತಿರುವ ಆಕಾಶ ಮೈನಸ್ 20. ಲೆಕ್ಕ ಹಾಕಿದರೆ ಶೀಟಿನ ಪಾಲೂ ಆಕಾಶದ ಪಾಲೂ ಹೆಚ್ಚುಕಮ್ಮಿ ಸಮ, ಗನ್ ತೋರಿಸುವುದು 6 ಡಿಗ್ರಿ! ಕೈ ಇಟ್ಟರೆ ಬೊಬ್ಬೆ ಏಳುವ ಶೀಟಿಗೆ ಫ್ರಿಜ್ಜಿನ ಅಂಕಿ. ಅದೇ ಶೀಟು ತುಕ್ಕು, ಧೂಳು ಹಿಡಿದು ಹಳತಾದ ಮೇಲೆ, ಅಥವಾ ಬಿಳಿ ಕೂಲ್‌ರೂಫ್ ಪೇಂಟ್ ಬಳಿದ ಮೇಲೆ, ಗನ್ ಹೆಚ್ಚುಕಡಿಮೆ ನಿಜವನ್ನೇ ಹೇಳುತ್ತದೆ. ಆದ್ದರಿಂದ ಹೊಸ ಶೀಟಿನ ‘ಮೊದಲು’ ಮತ್ತು ಪೇಂಟಿನ ‘ನಂತರ’ದ ಅಂಕಿಗಳನ್ನು ನೇರವಾಗಿ ಹೋಲಿಸಿದರೆ ಪೇಂಟು ಬಳಿದ ಮೇಲೆ ಮಾಡು ಇನ್ನಷ್ಟು ಕಾದಂತೆ ಕಂಡೀತು. ಎರಡೂ ಸಲ ಟೇಪಿನ ಮೇಲೆ ಅಳೆಯುವುದೂ ಸರಿಯಲ್ಲ, ಬಿಸಿಲಿನಲ್ಲಿ ಕಪ್ಪು ಟೇಪು ತಾನೇ ಶೀಟಿಗಿಂತ ಹೆಚ್ಚು ಕಾಯುತ್ತದೆ. ಮಾಡಿನ ಒಳಬದಿಯಲ್ಲಿ, ನೆರಳಿನಲ್ಲಿ, ಶೀಟಿಗೆ ಟೇಪ್ ಅಂಟಿಸಿ ಕೆಳಗಿನಿಂದ ಅಳೆಯಿರಿ.

ಸುತ್ತಲಿನ ಪ್ರತಿಫಲನ ಎಷ್ಟು ಎಂದು ತಿಳಿಯಲು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕು. ಒಂದು ಹಾಳೆಯನ್ನು ಮುದುಡಿ, ಮತ್ತೆ ಬಿಡಿಸಿ, ರಟ್ಟಿಗೆ ಹೊಳೆಯುವ ಬದಿ ಹೊರಗಿರುವಂತೆ ಸುತ್ತಿ, ಅಳೆಯುವ ಮೈಯ ಜಾಗದಲ್ಲಿ ಅದೇ ಕೋನದಲ್ಲಿ ಹಿಡಿಯಿರಿ. ಗನ್ನಿನ ಎಮಿಸಿವಿಟಿಯನ್ನು 1ಕ್ಕೆ ಇಟ್ಟು ಓದಿದರೆ ಬರುವುದೇ ಪ್ರತಿಫಲಿತ ತಾಪಮಾನ. ಥರ್ಮಲ್ ಕ್ಯಾಮೆರಾಗಳಲ್ಲಿ ಇದನ್ನು ನಮೂದಿಸಲು ಜಾಗವಿರುತ್ತದೆ, ಬಹಳ ಮಂದಿ ಅದನ್ನು ಮುಟ್ಟುವುದೇ ಇಲ್ಲ.

ಪಾವಗಡದ 2050 ಮೆಗಾವ್ಯಾಟ್ ಸೋಲಾರ್ ಪಾರ್ಕಿನಂಥ ಕಡೆ ಲಕ್ಷಾಂತರ ಪ್ಯಾನೆಲುಗಳಲ್ಲಿ ಕೆಟ್ಟ ಸೆಲ್ ಹುಡುಕಲೂ ಥರ್ಮಲ್ ಕ್ಯಾಮೆರಾ ಒಳ್ಳೆಯ ಸಾಧನ. ಗಾಜಿನ ಎಮಿಸಿವಿಟಿ ನೇರವಾಗಿ ನೋಡಿದಾಗ ಚೆನ್ನಾಗಿದೆ, ಓರೆಯಾಗಿ 60 ಡಿಗ್ರಿ ಕೋನ ದಾಟಿದರೆ ಬೇಗ ಕುಸಿದು ಆಕಾಶವೇ ಕಾಣತೊಡಗುತ್ತದೆ. ಪ್ರತಿ ಚದರ ಮೀಟರಿಗೆ ಕನಿಷ್ಠ 600 ವ್ಯಾಟ್ ಬಿಸಿಲು ಇರುವಾಗ, ಮೋಡ ಓಡಾಡದ ಹೊತ್ತಿನಲ್ಲಿ ಮಾತ್ರ ಆ ಕೆಲಸ.

ಅಡುಗೆಮನೆಯಲ್ಲಿ ಎಣ್ಣೆ ಹಿಡಿದು ಪಳಗಿದ ಕಬ್ಬಿಣದ ಕಾವಲಿ ಈ ಗನ್ನಿಗೆ ಹೇಳಿಮಾಡಿಸಿದಂಥ ಮೈ. 0.95ರಲ್ಲೇ ಇಟ್ಟು ನಡುಭಾಗ, ಅಂಚು ಎರಡನ್ನೂ ನೋಡಿ, ದೋಸೆ ಒಂದು ಬದಿ ಸೀದು ಇನ್ನೊಂದು ಬದಿ ಬಿಳುಚಿಕೊಳ್ಳುವುದೇಕೆಂದು ತಿಳಿಯುತ್ತದೆ. ಹೊಗೆ, ಆವಿ ಏಳುತ್ತಿರುವಾಗ ಗನ್ನನ್ನು ನೇರ ಮೇಲೆ ಹಿಡಿಯಬೇಡಿ. ಆವಿ ಲೆನ್ಸಿನ ಮೇಲೆ ಕೂತರೆ ಅಲ್ಲಿಂದಾಚೆಗೆ ಎಲ್ಲ ಅಂಕಿಯೂ ತಪ್ಪು. ಪಾತ್ರೆಯ ನೀರು, ಸಾರು, ಹಾಲಿನಲ್ಲಿ ಗನ್ ನೋಡುವುದು ಮೇಲ್ಪದರವನ್ನು ಮಾತ್ರ, ತಿರುವಿ ಆಮೇಲೆ ಅಳೆಯಿರಿ.

ಜ್ವರ ನೋಡಲು ಈ ಕೈಗಾರಿಕಾ ಗನ್ ಬೇಡ. ಹಣೆಯ ಚರ್ಮ ದೇಹದ ಒಳಗಿನ ಬಿಸಿಗಿಂತ ಎರಡು ಮೂರು ಡಿಗ್ರಿ ತಣ್ಣಗಿರುತ್ತದೆ. ಹಣೆಗೆಂದೇ ಮಾಡಿದ ಉಪಕರಣ ಆ ಅಂತರವನ್ನು ಒಳಗೇ ಕೂಡಿಸಿ ತೋರಿಸುತ್ತದೆ. ಹಾಗೆ ಕೂಡಿಸುವ ಲೆಕ್ಕ ನೆರಳಿನಲ್ಲಿ ಸಾಕಷ್ಟು ಹೊತ್ತು ಕುಳಿತ, ಬೆವರಿಲ್ಲದ ಹಣೆಗೆ ಮಾತ್ರ ಹೊಂದುತ್ತದೆ. ಬಿಸಿಲಿನಿಂದ ಬಂದವರನ್ನು ಗೇಟಿನಲ್ಲೇ ಅಳೆದರೆ ಅದು ಬಿಸಿಲಿನ ಅಳತೆ.

ಇನ್ನು ಕುಲುಮೆಯ ಮಟ್ಟದ ಬಿಸಿ. ಸುಮಾರು 525 ಡಿಗ್ರಿ ದಾಟಿದರೆ ಘನವಸ್ತುಗಳು ಮಂದವಾಗಿ ಕೆಂಪಾಗಿ ಕಾಣತೊಡಗುತ್ತವೆ ಎಂದು ಡ್ರೇಪರ್ 1847ರಲ್ಲಿ ತೋರಿಸಿದರು. ಅಲ್ಲಿಂದ ಮೇಲೆ ಕಮ್ಮಾರರ ಕಣ್ಣೇ ಪೈರೋಮೀಟರು (ವಿಕಿರಣದಿಂದ ಬಿಸಿ ಅಳೆಯುವ ಉಪಕರಣ): ಕೆಂಪು, ಕಿತ್ತಳೆ, ಹಳದಿ, ಬಿಳಿಹಳದಿ. ಕುಲುಮೆಯನ್ನು ಮಬ್ಬು ಬೆಳಕಿನಲ್ಲಿ ಇಟ್ಟುಕೊಳ್ಳುವುದಕ್ಕೆ ಕಾರಣವೂ ಇದೇ, ಬಿಸಿಲಿನಲ್ಲಿ 700 ಡಿಗ್ರಿಯ ಕೆಂಪು ಕಣ್ಣಿಗೆ ಹತ್ತುವುದಿಲ್ಲ. ಈ ಕಣ್ಣಳತೆಯನ್ನೇ ಉಪಕರಣಕ್ಕೆ ಇಳಿಸಿದ್ದು 1901ರಲ್ಲಿ ಹೋಲ್‌ಬೋರ್ನ್ ಮತ್ತು ಕುರ್ಲ್‌ಬೌಮ್. ದೂರದರ್ಶಕದೊಳಗೆ ಒಂದು ಬಲ್ಬಿನ ತಂತಿ, ಅದರ ಹಿಂದೆ ಕುಲುಮೆಯ ದೃಶ್ಯ. ಕರೆಂಟು ಏರಿಸುತ್ತ ಹೋದಾಗ ತಂತಿ ಹಿನ್ನೆಲೆಯಲ್ಲಿ ಕರಗಿ ಕಾಣದಾಗುವ ಕ್ಷಣ ಎರಡರ ಹೊಳಪೂ ಒಂದೇ. ಕರೆಂಟಿನಿಂದ ತಾಪಮಾನ ಓದಿಕೊಳ್ಳಬಹುದು.

ತೋರಣಗಲ್ಲಿನಂಥ ಉಕ್ಕಿನ ಊರುಗಳ ಕೆಲಸಕ್ಕೆ 8–14 ಮೈಕ್ರಾನ್ ಗನ್ ತಕ್ಕದ್ದಲ್ಲ, ಪರದೆಯ ಮೇಲೆ 1500 ಡಿಗ್ರಿಯವರೆಗೆ ತೋರಿಸುತ್ತದೆ ಎಂದು ಬರೆದಿದ್ದರೂ. ಕಾರಣ ಲೆಕ್ಕದಲ್ಲಿದೆ. 1200 ಡಿಗ್ರಿಯ ಬಿಲ್ಲೆಟ್ಟಿನ (ಉಕ್ಕಿನ ದಪ್ಪ ಸರಳಿನ) ಎಮಿಸಿವಿಟಿಯನ್ನು 10 ಶೇಕಡಾ ತಪ್ಪಾಗಿ ಊಹಿಸಿದರೆ, 10 ಮೈಕ್ರಾನಿನಲ್ಲಿ ನೋಡುವ ಉಪಕರಣ ಸುಮಾರು 94 ಡಿಗ್ರಿ ತಪ್ಪುತ್ತದೆ, 1 ಮೈಕ್ರಾನಿನಲ್ಲಿ ನೋಡುವುದು 15 ಡಿಗ್ರಿ ಮಾತ್ರ. ಕಿರು ತರಂಗಾಂತರದಲ್ಲಿ ವಿಕಿರಣ ತಾಪಮಾನದೊಂದಿಗೆ ಅಷ್ಟು ಕಡಿದಾಗಿ ಏರುವುದರಿಂದ, ಎಮಿಸಿವಿಟಿಯ ತಪ್ಪು ಕೆಲವೇ ಡಿಗ್ರಿಯಲ್ಲಿ ಮುಗಿಯುತ್ತದೆ. ಲೋಹಗಳ ಎಮಿಸಿವಿಟಿಯೂ ಅಲ್ಲಿ ಹೆಚ್ಚು. ಅಳೆಯಬೇಕಾದ ಬಿಸಿಗೆ ಸಾಕಷ್ಟು ಸಿಗ್ನಲ್ ಬರುವ ಅತಿ ಕಿರಿದಾದ ತರಂಗಾಂತರವನ್ನೇ ಆರಿಸಿ ಎಂಬುದು ಈ ಕ್ಷೇತ್ರದ ಮೊದಲ ನಿಯಮ. ಗಾಜಿನ ಮೇಲ್ಮೈಗೆ 5 ಮೈಕ್ರಾನ್, ಪಾಲಿಥೀನ್ ಹಾಳೆಗೆ 3.43, ಜ್ವಾಲೆಯ ಮೂಲಕ ನೋಡಲು 3.9 ಎಂಬ ವಿಶೇಷ ಪಟ್ಟಿಗಳೂ ಇವೆ.

ಕಾಯಿಸುವ ಫರ್ನೇಸಿನೊಳಗೆ ಗೋಡೆಗಳು ಬಿಲ್ಲೆಟ್ಟಿಗಿಂತ ಬಿಸಿ. ಪ್ರತಿಫಲನ ಸೇರಿ ಅಂಕಿ ಹೆಚ್ಚು ಬರುತ್ತದೆ. ಹೊರಗೆ ಬಂದ ಮೇಲೆ ಬಿಲ್ಲೆಟ್ಟಿನ ಮೇಲಿನ ಸ್ಕೇಲ್ (ಆಕ್ಸೈಡ್) ಪದರ ಒಳಗಿನ ಉಕ್ಕಿಗಿಂತ ಬೇಗ ತಣ್ಣಗಾಗಿ ಅಂಕಿ ಕಡಿಮೆ ಬರುತ್ತದೆ. ಆದ್ದರಿಂದ ನೀರಿನ ರಭಸದಿಂದ ಸ್ಕೇಲ್ ಕಿತ್ತ ನಂತರ, ಆವಿ ಚದುರಿದ ಮೇಲೆ ಅಳೆಯುವುದು ವಾಡಿಕೆ. ಹೊಗೆ, ಧೂಳು ಇರುವಲ್ಲಿ ಎರಡು ತರಂಗಾಂತರಗಳ ಅನುಪಾತ ನೋಡುವ ಪೈರೋಮೀಟರ್ ಅನುಕೂಲ. ಎರಡೂ ಸಮನಾಗಿ ಮಂಕಾದರೆ ಅನುಪಾತ ಬದಲಾಗದು, ವೃತ್ತ ಪೂರ್ತಿ ತುಂಬದಿದ್ದರೂ ನಡೆಯುತ್ತದೆ. ಎರಡೂ ತರಂಗಾಂತರದಲ್ಲಿ ಎಮಿಸಿವಿಟಿ ಬೇರೆ ಬೇರೆ ಇದ್ದರೆ ಮಾತ್ರ ಅದು ಒಂದೇ ಬಣ್ಣದ ಪೈರೋಮೀಟರಿಗಿಂತ ಕೆಟ್ಟದಾಗಿ ತಪ್ಪುತ್ತದೆ. ಅಲ್ಯೂಮಿನಿಯಂನವರು ಇದನ್ನು ಕೊಳ್ಳುವ ಮೊದಲು ಎರಡು ಸಲ ಯೋಚಿಸಬೇಕು. ಕರಗಿದ ಉಕ್ಕಿನ ಮೇಲೆ ಕಿಟ್ಟ ತೇಲುತ್ತಿರುವುದರಿಂದ ಅಲ್ಲಿ ಈಗಲೂ ಮುಳುಗಿಸಿ ಎಸೆಯುವ ಪ್ಲಾಟಿನಂ ಥರ್ಮೊಕಪಲ್ಲಿನ ಮಾತೇ ಅಂತಿಮ. ಹಾಗೆಂದು ವಿಕಿರಣದ ಅಳತೆ ಎರಡನೇ ದರ್ಜೆಯದ್ದೆಂದಲ್ಲ. 1990ರ ಅಂತರರಾಷ್ಟ್ರೀಯ ತಾಪಮಾನ ಮಾನದಲ್ಲಿ ಬೆಳ್ಳಿ ಹೆಪ್ಪುಗಟ್ಟುವ 961.78 ಡಿಗ್ರಿಯಿಂದ ಮೇಲೆ ತಾಪಮಾನದ ವ್ಯಾಖ್ಯೆಯೇ ಪ್ಲಾಂಕ್ ವಿಕಿರಣ ನಿಯಮದ ಮೇಲೆ ನಿಂತಿದೆ.

ಕೊನೆಯದಾಗಿ, ಮನೆಯಲ್ಲೇ ಗನ್ ಪರೀಕ್ಷಿಸುವ ವಿಧಾನ. ಅಗಲ ಬಾಯಿಯ ಪಾತ್ರೆಗೆ ಪುಡಿಮಾಡಿದ ಐಸು ತುಂಬಿ, ಐಸಿನ ಸಂದುಗಳು ಮುಚ್ಚುವಷ್ಟು ತಣ್ಣೀರು ಸುರಿದು, ಐದು ನಿಮಿಷ ಬಿಟ್ಟು ಚೆನ್ನಾಗಿ ತಿರುವಿ. ಎಮಿಸಿವಿಟಿ 0.95ರಿಂದ 0.97ರೊಳಗೆ ಇಟ್ಟು, ವೃತ್ತ ಪೂರ್ತಿ ಐಸಿನೊಳಗೇ ಬೀಳುವಂತೆ ಹತ್ತಿರದಿಂದ, ನೇರ ಮೇಲಿನಿಂದ ನೋಡಿ. ಲೆನ್ಸಿನ ಮೇಲೆ ತೇವ ಕೂರದಂತೆ ಬೇಗ ಓದಿ ಗನ್ ತೆಗೆಯಿರಿ. ಸೊನ್ನೆಯಿಂದ 2 ಡಿಗ್ರಿಯೊಳಗೆ ಇದ್ದರೆ ಗನ್ ಚೆನ್ನಾಗಿದೆ. ಮೇಲಿನ ತುದಿಗೆ ಕುದಿಯುವ ನೀರನ್ನು ನೇರ ನೋಡುವ ಬದಲು, ಕುದಿನೀರು ತುಂಬಿದ ಪಾತ್ರೆಯ ಹೊರಮೈಯಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ ಮ್ಯಾಟ್ ಪೇಂಟ್ ಬಳಿದ ಜಾಗವನ್ನು ನೋಡಿ. ಮಂಗಳೂರಿನಲ್ಲಿ ನೀರು ಕುದಿಯುವುದು 100ಕ್ಕೆ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರವಿರುವ ಬೆಂಗಳೂರಿನಲ್ಲಿ 97ರ ಹತ್ತಿರ, ಮಡಿಕೇರಿಯಲ್ಲಿ ಇನ್ನೊಂದು ಡಿಗ್ರಿ ಕಡಿಮೆ. ಪಾತ್ರೆಯ ಹೊರಮೈ ಅದಕ್ಕಿಂತ ಒಂದೆರಡು ಡಿಗ್ರಿ ತಗ್ಗಿರುವುದು ಸಹಜ. ಐಸಿನಲ್ಲಿ ಸರಿ, ಕುದಿನೀರಿನಲ್ಲಿ ಐದಾರು ಡಿಗ್ರಿ ಕಡಿಮೆ ಬಂದರೆ ಮೊದಲು ಲೆನ್ಸು ಒರೆಸಿ: ಹತ್ತಿಯ ಕಡ್ಡಿಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್, ನಡುವಿನಿಂದ ಅಂಚಿನತ್ತ ಮೆಲ್ಲಗೆ. ಪ್ಲಾಸ್ಟಿಕ್ ಲೆನ್ಸಿಗೆ ಥಿನ್ನರ್, ಅಸಿಟೋನ್ ತಾಗಿಸಬೇಡಿ.